ಒಳಗೆ ಬಂದವರಿಗೆಲ್ಲ ಲೆಡ್ಜರ್ ತೋರಿಸಬೇಕೇ?

ಹಾಜರಿ, ಅಂಕ, ಫೀ ಬಾಕಿ ನೋಡಲು ನಮ್ಮ ಕಂಪ್ಯೂಟರ್ ಕ್ಲಬ್ ಜಾವಾದಲ್ಲಿ ವೆಬ್‌ಸೈಟ್ ಮಾಡಲು ಹೊರಟಿದೆ. ಸರ್ವರ್ ಯಾವುದೆಂದು ತೀರ್ಮಾನವಾಗಿದೆ, ಅಂಡರ್‌ಟೋ. ಚರ್ಚೆ ಇರುವುದು ಲಾಗಿನ್ ಬಗ್ಗೆ. ನಾವೇ ಬರೆದುಬಿಡೋಣ, ಒಂದು ವಾರದ ಕೆಲಸ ಎನ್ನುತ್ತಾರೆ ಕೆಲವರು. ನಾನು ಕಾಮರ್ಸ್ ಓದುವವಳು, ಆದರೂ ಹೇಳುತ್ತೇನೆ: ಬೇಡ. ಪ್ಯಾಕ್‌ಫೋರ್‌ಜೆ ಎಂಬ ಉಚಿತ ಲೈಬ್ರರಿ ಇದೆ. ಅದನ್ನು ಅಂಡರ್‌ಟೋಗೆ ಜೋಡಿಸುವ ಕೋಡ್ ಕೂಡ ಸಿದ್ಧವಿದೆ.

ಮೊಬೈಲ್ ಓಟಿಪಿ ಒಂದೇ ಸಾಕು ಎನ್ನುವವರು ನಮ್ಮಲ್ಲಿ ಎಷ್ಟೋ ಜನರ ಮನೆ ನೋಡಿಲ್ಲ. ಇರುವುದೊಂದೇ ಫೋನ್, ಅಬ್ಬಾ ಜೊತೆ ಅಂಗಡಿಗೆ ಹೋದರೆ ಮರಳುವುದು ರಾತ್ರಿಗೆ. ಪ್ಯಾಕ್‌ಫೋರ್‌ಜೆಯಲ್ಲಿ ಲಾಗಿನ್ ಆಗುವ ಒಂದೊಂದು ದಾರಿಗೂ ಒಂದೊಂದು ‘ಕ್ಲೈಂಟ್’. ಗೂಗಲ್ ಖಾತೆ ಇದ್ದವರಿಗೆ ಓಪನ್‌ಐಡಿ ಕನೆಕ್ಟ್, ಇಲ್ಲದವರಿಗೆ ರಿಜಿಸ್ಟರ್ ನಂಬರ್ ಮತ್ತು ಪಾಸ್‌ವರ್ಡ್ ಹಾಕುವ ಫಾರ್ಮ್. ಯಾವ ಬಾಗಿಲಿಂದ ಬಂದರೂ ಒಳಗೆ ಸಿಗುವುದು ಬಳಕೆದಾರರ ಒಂದು ಪ್ರೊಫೈಲ್. ಗೂಗಲ್ ಮೂಲಕ ಬಂದವರ ಪಾಸ್‌ವರ್ಡ್ ನಮ್ಮ ಡೇಟಾಬೇಸ್‌ಗೆ ಬರುವುದೇ ಇಲ್ಲ. ಇದೂ ಒಂದು ನೆಮ್ಮದಿ.

ಜೋಡಿಸುವಾಗ ಅಂಡರ್‌ಟೋದ ಒಂದು ಗುಣ ನೆನಪಿರಲಿ. ಅದು ತಾನಾಗಿ ಸೆಷನ್ ಇಡುವುದಿಲ್ಲ, ಅದಕ್ಕೊಂದು ಹ್ಯಾಂಡ್ಲರ್ ನಾವೇ ಸೇರಿಸಬೇಕು. ಸೆಷನ್ ಬರೀ ಮೆಮೊರಿಯಲ್ಲಿದ್ದರೆ ಸರ್ವರ್ ನಿಂತು ಶುರುವಾದಾಗ ಎಲ್ಲರೂ ಮತ್ತೆ ಲಾಗಿನ್ ಆಗಬೇಕು. ಇದೇನು ದೊಡ್ಡ ತೊಂದರೆಯಲ್ಲ.

ದೊಡ್ಡದು ಬೇರೆ. ಉರ್ದುವಿನಲ್ಲಿ ಪೆಹಚಾನ್ ಒಂದು, ಇಜಾಜತ್ ಇನ್ನೊಂದು. ನೀವು ಯಾರೆಂದು ಗುರುತಿಸುವುದು ಮೊದಲನೆಯದು, ಏನನ್ನು ನೋಡಬಹುದೆಂಬ ಅನುಮತಿ ಎರಡನೆಯದು. ಬ್ಯಾಂಕಿನ ಕೌಂಟರ್‌ನಲ್ಲಿ ನನ್ನ ಗುರುತು ಸಿಕ್ಕಿತೆಂದು ಪಕ್ಕದವರ ಪಾಸ್‌ಬುಕ್ ನನ್ನ ಕೈಗೆ ಕೊಡುತ್ತಾರೆಯೇ? ಪ್ಯಾಕ್‌ಫೋರ್‌ಜೆಯ ‘ಆಥರೈಸರ್’ಗೆ ಪಾತ್ರಗಳನ್ನು ಕೊಟ್ಟರೆ, ವಿದ್ಯಾರ್ಥಿಯನ್ನು ಗುಮಾಸ್ತರ ಪುಟಕ್ಕೆ ಬಿಡುವುದಿಲ್ಲ. ಆದರೆ ಈ ಪುಟ ಯಾವ ವಿದ್ಯಾರ್ಥಿಯದು ಎಂಬುದು ಅದಕ್ಕೆ ತಾನಾಗಿ ತಿಳಿಯದು. ವಿಳಾಸದಲ್ಲಿ ರಿಜಿಸ್ಟರ್ ನಂಬರಿನ ಕೊನೆಯ ಅಂಕಿ ಬದಲಿಸಿದರೆ ಗೆಳತಿಯ ಫೀ ಬಾಕಿ ಕಂಡೀತು. ಎರಡು ಕಂತು ಕಟ್ಟದೆ ಪರೀಕ್ಷೆಗೆ ಕುಳಿತವಳ ಹೆಸರು ಮಧ್ಯಾಹ್ನದೊಳಗೆ ಇಡೀ ತರಗತಿಗೆ ಗೊತ್ತಾಗುತ್ತದೆ. ಆಮೇಲೆ ಅವಳು ಕಾಲೇಜಿಗೆ ಬರುತ್ತಾಳೋ ಇಲ್ಲವೋ.

ಕ್ಲಬ್‌ನವರಲ್ಲಿ ನನ್ನ ಕೋರಿಕೆ ಇಷ್ಟೇ. ಲಾಗಿನ್ ಆದವರ ನಂಬರ್ ಮತ್ತು ಕೇಳಿದ ಪುಟದ ನಂಬರ್ ಒಂದೇ ಆಗಿದೆಯೇ ಎಂದು ನೋಡುವ ಸಾಲನ್ನು ಮೊದಲು ಬರೆಯಿರಿ. ಗೂಗಲ್ ಬಟನ್ ಮುಂದಿನ ವಾರ ಹಾಕಿದರೂ ನಡೆಯುತ್ತದೆ.