ಯರವ, ಜೇನುಕುರುಬ ಮಕ್ಕಳಿಗೆ ಹಚ್ಚಿದ ‘ಮಂದ’ ಎಂಬ ಹಣೆಪಟ್ಟಿ ತೆಗೆಸುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.

ಉಲ್ಲೇಖ: ಶಾಲೆಗೂ ಮೇಲಿನ ಕಚೇರಿಗೂ ನಾವು ಈ ಹಿಂದೆ ಕೊಟ್ಟ ಅರ್ಜಿಗಳು (ಸ್ವೀಕೃತಿ ಲಗತ್ತಿಸಿದೆ, ಉತ್ತರ ಬಂದಿಲ್ಲ).

ಮಾನ್ಯರೇ,

ಕೊಡಗು ಜಿಲ್ಲೆ ವಿರಾಜಪೇಟೆ ತಾಲ್ಲೂಕಿನ ಹಾಡಿ ಹಾಗೂ ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸವಿರುವ ಪೋಷಕರಾದ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಮ್ಮ ಯರವ ಹುಡುಗಿಯೊಬ್ಬಳು ಕಳೆದ ವರ್ಷ ಐದನೇ ತರಗತಿಯಲ್ಲಿದ್ದಳು. ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತಿಗೆ ತಾಯಿಯ ಪಕ್ಕ ನಿಂತು, ಯಾರ ಚೀಲ ಎಷ್ಟು ಕಿಲೋ, ಯಾರಿಗೆ ಎಷ್ಟು ಕೂಲಿ ಎಂದು ಬಾಯಲ್ಲೇ ಲೆಕ್ಕ ಒಪ್ಪಿಸುತ್ತಾಳೆ. ತೋಟದ ಲೆಕ್ಕ ಬರೆಯುವ ರೈಟರು ಬರೆದ ಮೊತ್ತದ ತಪ್ಪನ್ನು ಅವಳು ಹಿಡಿದಾಗ ತೋಟದವರು ತಿದ್ದಿ ಕೊಟ್ಟ ಚೀಟಿಗಳನ್ನು ಲಗತ್ತಿಸಿದ್ದೇವೆ. ಅದೇ ಹುಡುಗಿಯ ಪ್ರಗತಿ ಪತ್ರದಲ್ಲಿ ‘ಮಂದ, ಗಣಿತದಲ್ಲಿ ಆಸಕ್ತಿ ಇಲ್ಲ’ ಎಂದು ಬರೆದಿದ್ದಾರೆ. ಮನೆಯಲ್ಲಿ ಯರವ ಭಾಷೆಯಾಡುವ ಅವಳಿಗೆ ಪ್ರಶ್ನೆಯಲ್ಲಿನ ಪುಸ್ತಕದ ಕನ್ನಡ ತೊಡಕಾಯಿತೇ ಹೊರತು ಲೆಕ್ಕವಲ್ಲ. ಬಾಯಲ್ಲಿ ಕೇಳಿ ನೋಡುವ ಮನಸ್ಸು ಯಾರಿಗೂ ಬರಲಿಲ್ಲ.

ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಅವಳ ಅರ್ಜಿ ತುಂಬಿದೆವು. ಮುಖ್ಯ ಶಿಕ್ಷಕರ ಸಹಿ, ಮೊಹರು ಬೇಕಿತ್ತು. ‘ಓದಲು ತಡವರಿಸುವವಳಿಗೆ ನವೋದಯವೇ’ ಎಂದು ಅರ್ಜಿ ಹಿಂದಕ್ಕೆ ಕೊಟ್ಟರು. ಆ ಪರೀಕ್ಷೆಯ 100 ಅಂಕಗಳಲ್ಲಿ 50 ಅಂಕ ಚಿತ್ರ ನೋಡಿ ಉತ್ತರಿಸುವ ಮಾನಸಿಕ ಸಾಮರ್ಥ್ಯದ್ದು, 25 ಗಣಿತದ್ದು. ಭಾಷೆಗೆ ಉಳಿಯುವುದು 25. ಇದು ಶಿಕ್ಷಕರಿಗೆ ಗೊತ್ತಿರಲಿಲ್ಲವೆಂದು ನಂಬುವುದು ಹೇಗೆ? ಕೊನೆಯ ದಿನ ದಾಟಿತು. ಐದನೇ ತರಗತಿ ಮುಗಿಸಿದವರಿಗೆ ಈ ಪರೀಕ್ಷೆ ಮತ್ತೆ ಇಲ್ಲ. ಸಹಿಯಿಲ್ಲದ ಅರ್ಜಿ, ಜಾತಿ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಮೂರು, ನಾಲ್ಕು, ಐದನೇ ತರಗತಿಯ ಅಂಕಪಟ್ಟಿಗಳು, ಅವಳ ನೋಟ್‌ಬುಕ್ಕಿನ ಹಾಳೆಗಳು ಎಲ್ಲವೂ ಇದರೊಂದಿಗಿವೆ. ನಮ್ಮಲ್ಲಿ ಕೆಲವರು 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡವರು. ಅಂದಿನಿಂದ ಒಂದು ಚೀಟಿಯನ್ನೂ ಬಿಸಾಡುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 17 ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸುತ್ತದೆ, ಕಲಂ 29 ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಇದನ್ನು ತಮಗೆ ಹೇಳಿಕೊಡುವ ಅಗತ್ಯವಿಲ್ಲ. ಇಂಥ ಕಿರುಕುಳ ಆ ಹುಡುಗಿಯೊಬ್ಬಳಿಗಷ್ಟೇ ಅಲ್ಲ. ಕಿವಿಯ ಹರುಕು ನೋಡಿ ಕಾಡಾನೆಗಳನ್ನು ಒಂದೊಂದಾಗಿ ಗುರುತಿಸಿ ಇದ್ದಿಲಿನಲ್ಲಿ ಬಿಡಿಸುವ ಜೇನುಕುರುಬ ಹುಡುಗನನ್ನು ಗೋಡೆ ಕೆಡಿಸಿದನೆಂದು ಹೊರಗೆ ನಿಲ್ಲಿಸಿದ್ದೂ ಇದೇ ಶಾಲೆಯಲ್ಲಿ.

ಈಗ ಇವರಿಬ್ಬರೂ ಶಾಲೆಗಿಂತ ನಮ್ಮ ಅಂಗನವಾಡಿಯ ಜಗುಲಿಯನ್ನೇ ನೆಚ್ಚಿಕೊಂಡಿದ್ದಾರೆ. ನಮ್ಮ ಪೈಕಿ ಒಬ್ಬರ ಮಗಳು ಡಿ.ಎಡ್. ಮುಗಿಸಿದವಳು, ಸಂಜೆ ಅಲ್ಲಿ ಯರವ ಭಾಷೆಯಲ್ಲೇ ಪಾಠ ಹೇಳುತ್ತಾಳೆ. ‘ಮಂದ’ ಎನಿಸಿಕೊಂಡ ಹುಡುಗಿ ಅಲ್ಲಿ ಚಿಕ್ಕವರಿಗೆ ಮಗ್ಗಿ ಕಲಿಸುತ್ತಾಳೆ, ಅವರು ಅವಳನ್ನು ಅಕ್ಕಾ ಎನ್ನುತ್ತಾರೆ.

ಆದ್ದರಿಂದ ಅದೇ ಕಾಯ್ದೆಯ ಕಲಂ 31ರಡಿ ತಮಗಿರುವ ಅಧಿಕಾರ ಬಳಸಿ ಸಹಿ ನಿರಾಕರಿಸಿದ್ದರ ಬಗ್ಗೆ ತನಿಖೆ ನಡೆಸಬೇಕು. ದಾಖಲೆಯಲ್ಲಿರುವ ‘ಮಂದ’ ಎಂಬ ಮಾತನ್ನು ಹೊಡೆದು ಹಾಕಿಸಿ, ಹುಡುಗಿಗೆ ಈ ವರ್ಷವೇ ಏಕಲವ್ಯ ಮಾದರಿ ವಸತಿ ಶಾಲೆಯಲ್ಲಿ ಸ್ಥಾನ ಸಿಗುವಂತೆ ಶಿಫಾರಸು ಮಾಡಬೇಕು. ಜಗುಲಿಯ ಪಾಠಕ್ಕೆ ಕಲಂ 4ರ ವಿಶೇಷ ತರಬೇತಿಯ ಮಾನ್ಯತೆ ಕೊಡಿಸಿ, ಮೇಲೆ ಹೇಳಿದ ಯುವತಿಯನ್ನೇ ಅತಿಥಿ ಶಿಕ್ಷಕಿಯಾಗಿ ನೇಮಿಸಿಕೊಳ್ಳಲು ಸೂಚಿಸಬೇಕು.

ವರದಿ ತರಿಸಿಕೊಂಡು ಕಡತ ಮುಗಿಸಬೇಡಿ. ದಯವಿಟ್ಟು ತಾವೇ ಹಾಡಿಗೆ ಬಂದು ಆ ಹುಡುಗಿಗೆ ಲೆಕ್ಕ ಕೊಟ್ಟು ನೋಡಿ.

ಇಂತಿ ತಮ್ಮ ವಿಶ್ವಾಸಿಗಳು,
ಹಾಡಿ ಹಾಗೂ ಲೈನ್ ಮನೆಗಳ ಪೋಷಕರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)