ಇನ್ಸುಲಿನ್ನೂ ಲಿಂಗಧಾರಿಯೂ

ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಗಳ ಕಡೆಯ ಭಕ್ತಮನೆತನಗಳಲ್ಲಿ ಇಂದಿಗೂ ಒಂದು ಶಂಕೆಯುಂಟು. ವೈದ್ಯರು ಇನ್ಸುಲಿನ್ ಬರೆದುಕೊಟ್ಟೊಡನೆ, “ಅದು ಪ್ರಾಣಿಯ ಅಂಗದಿಂದ ತೆಗೆದದ್ದಲ್ಲವೆ ಶಾಸ್ತ್ರಿಗಳೆ? ಲಿಂಗಧಾರಿಯ ಮೈಗೆ ಸಲ್ಲುವುದೆ?” ಎಂದು ಹಿರಿಯರು ನಮ್ಮನ್ನು ಕೇಳುತ್ತಾರೆ. ಕೆಲವರು ಕೇಳದೆಯೇ ಸೂಜಿಯನ್ನು ಬಿಟ್ಟು, ಕಾಲಿನ ಹುಣ್ಣು ಕೊಳೆತ ಮೇಲೆ ಆಸ್ಪತ್ರೆ ಸೇರುತ್ತಾರೆ.

ಶಂಕೆಗೆ ಆಧಾರವಿಲ್ಲದಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದಲೇ ಈ ರಸವನ್ನು ಬೇರ್ಪಡಿಸಿದರು. ಮುಂದೆ ಅರುವತ್ತು ವರ್ಷ ದನ, ಹಂದಿಗಳ ಗ್ರಂಥಿಯೇ ಅದಕ್ಕೆ ಮೂಲ. ಆದರೆ 1982ರಲ್ಲಿ, ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಸೂಕ್ಷ್ಮಾಣುವಿನೊಳಗೆ ಸೇರಿಸಿ ಬೆಳೆದ ಔಷಧ ಬಳಕೆಗೆ ಬಂದಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಬಳಗದ ಜೀವಿಯಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಇಂದು ವೈದ್ಯರು ಸಾಮಾನ್ಯವಾಗಿ ಬರೆಯುವುದು ಇಂಥವನ್ನೇ. ದೇಹವನ್ನು ಪ್ರಸಾದಕಾಯವೆಂದು ಕಂಡ ಶರಣರ ಮಾರ್ಗದಲ್ಲಿ ಅದನ್ನು ಕೆಡಗೊಡುವುದು ಆಚಾರವೆಂದು ನಾವು ಒಪ್ಪಲಾರೆವು. ಎಳವೆಯಲ್ಲೇ ಇನ್ಸುಲಿನ್ ಅವಲಂಬಿತ ಮಧುಮೇಹ ಬಂದ ಮಕ್ಕಳಿಗಂತೂ ನಾಟಿ ಔಷಧ ನಂಬಿ ಸೂಜಿ ನಿಲ್ಲಿಸಿದರೆ ಪ್ರಾಣಕ್ಕೇ ಎರವು.

ಇನ್ನು ಪೂಜೆಯ ಮಾತು. ಸ್ನಾನ, ಇಷ್ಟಲಿಂಗಪೂಜೆ, ಅನಂತರ ಪ್ರಸಾದ. ಇದು ನಮ್ಮ ಕ್ರಮ. ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ಮೊದಲೇ ಚುಚ್ಚಿಕೊಂಡು ಪೂಜೆಗೆ ಕುಳಿತರೆ, ಪೂಜೆ ಬೆಳೆದಂತೆ ರಕ್ತದ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಮಂಪರು ಕಾಣುತ್ತವೆ. ಮನೆಯವರು ಅದನ್ನು ಧ್ಯಾನದ ತಲ್ಲೀನತೆಯೆಂದು ಬಗೆದರೆ ಅನಾಹುತ! ಪೂಜೆ ಮುಗಿಸಿ, ಅಡುಗೆ ಸಿದ್ಧವಿದೆಯೆಂದು ತಿಳಿದ ಮೇಲೆ, ವೈದ್ಯರು ಹೇಳಿದ ಅಂತರದಲ್ಲಿ ತೆಗೆದುಕೊಳ್ಳುವುದು ಲೇಸು. ನಡುಕ ಬಂದರೆ ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಆ ಗಳಿಗೆಗೆ ಸಕ್ಕರೆಯ ಬದಲು ನಮ್ಮ ಕೊಡಗಿನ ಜೇನೂ ಆದೀತು. ಅದೇ ಜೇನನ್ನು ಪಥ್ಯವೆಂದು ದಿನವೂ ನೆಕ್ಕುವ ಮಧುಮೇಹಿಗಳಿದ್ದಾರೆ. ಜೇನೂ ಸಕ್ಕರೆಯೇ ಎಂಬುದನ್ನು ಅವರಿಗೆ ಯಾರು ಹೇಳಬೇಕು?

ಸೀಸೆಯ ಇನ್ಸುಲಿನ್ನಿನಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವುದು ನಮ್ಮಲ್ಲಿ ವಾಡಿಕೆ, ಪೆನ್ನಿನದರಲ್ಲಿ 100. ಪೆನ್ನಿನ ಔಷಧವನ್ನು 40ರ ಸಿರಿಂಜಿಗೆ ಎಳೆದುಕೊಂಡರೆ ಎರಡೂವರೆ ಪಟ್ಟು ಮೈಗೇರುತ್ತದೆ. ಹೊಟ್ಟೆಯ ಮೇಲೆ ಚುಚ್ಚುವ ಜಾಗವನ್ನು ದಿನವೂ ಬದಲಿಸಬೇಕು, ಇಲ್ಲವಾದರೆ ಚರ್ಮದಡಿ ಗಂಟು ಕಟ್ಟುತ್ತದೆ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದದ್ದು ಕೊಡಗಿನವರಿಗೆ ಮರೆತಿರದು. ಮಳೆಗಾಲಕ್ಕೆ ಮುನ್ನ ಒಂದು ತಿಂಗಳ ಔಷಧ ಮನೆಯಲ್ಲಿರಲಿ. ಕರೆಂಟು ಹೋದರೆ ಗಾಬರಿ ಬೇಡ. ಬಳಕೆಯಲ್ಲಿರುವ ಸೀಸೆ ನಮ್ಮ ತಂಪು ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡದು. ಫ್ರಿಜ್ಜಿನ ಮಂಜುಗಡ್ಡೆಯ ಗೂಡಿನಲ್ಲಿಟ್ಟು ಒಮ್ಮೆ ಹೆಪ್ಪುಗಟ್ಟಿದ್ದನ್ನು ಮಾತ್ರ, ಕರಗಿದ ಮೇಲೂ ಬಳಸಕೂಡದು.