ನೊರೆಯ ಡಬ್ಬಿ ಬೇಡ

ಉಜಿರೆಯ ಪೇಟೆಯಲ್ಲಿ ಕ್ಷೌರದ ಸಾಬೂನು ಕೇಳಿದರೆ ಈಗ ಮೊದಲು ಕೈಗೆ ಬರುವುದು ಒತ್ತಿದೊಡನೆ ನೊರೆ ಕಾರುವ ಡಬ್ಬಿ. ಪ್ರಿಯ ಶಿಷ್ಯರೇ, ಅದನ್ನು ಪ್ರಗತಿಯೆಂದು ಭ್ರಮಿಸದಿರಿ. ಗಡ್ಡವನ್ನು ಮೆದುಗೊಳಿಸುವುದು ನೊರೆಯ ಎತ್ತರವಲ್ಲ. ನೀರು ಮತ್ತು ಅದು ಹೀರಿಕೊಳ್ಳಲು ಬೇಕಾದ ಸಮಯ. ಡಬ್ಬಿಯಲ್ಲಿ ನೊರೆಯನ್ನು ಉಬ್ಬಿಸುವುದು ಬ್ಯೂಟೇನಿನಂಥ ಅನಿಲ. ಹಣ ಗಾಳಿಗೆ, ಬರಿದಾದ ಲೋಹ ತಿಪ್ಪೆಗೆ!

ಹಾಗೆಂದು ಸ್ನಾನದ ಸಾಬೂನನ್ನೇ ಕೆನ್ನೆಗೆ ತಿಕ್ಕುವ ಜಿಪುಣತನವನ್ನೂ ಒಪ್ಪಲಾರೆ. 1916ರಲ್ಲೇ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಕಂಡ ನಾಡು ನಮ್ಮದು; ಆದರೆ ಗಂಧದ ಸಾಬೂನು ಮೈಗೆ ಸರಿ, ಗಡ್ಡಕ್ಕಲ್ಲ. ಅದರ ನೊರೆ ಬೇಗ ಆರುತ್ತದೆ. ಕ್ಷೌರದ ಸಾಬೂನಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಪೊಟ್ಯಾಷಿಯಂ ಕ್ಷಾರವೂ ಸೇರಿರುತ್ತದೆ. ಆದ್ದರಿಂದಲೇ ಅದರ ನೊರೆ ದಟ್ಟ, ಬಾಳಿಕೆಯದು. ಕೊಳ್ಳುವಾಗ ಪರಿಮಳಕ್ಕೆ ಮರುಳಾಗದೆ ಹೊದಿಕೆಯ ಮೇಲೆ ಈ ಎರಡು ಹೆಸರುಗಳನ್ನು ಹುಡುಕಿ.

“ಪುರುಸೊತ್ತಿಲ್ಲ ಸಾರ್” ಎನ್ನುವಿರಿ. ಒದ್ದೆ ಬ್ರಷ್ಷನ್ನು ಬಿಲ್ಲೆಯ ಮೇಲೆ ಅರ್ಧ ನಿಮಿಷ, ಕೆನ್ನೆಯ ಮೇಲೆ ಒಂದು ನಿಮಿಷ ಆಡಿಸಿದರೆ ಸಾಕು. ಮುರಕಲ್ಲಿನ ನೆಲದ ನಮ್ಮ ಬಾವಿನೀರು ಮೆದು, ನೊರೆ ಸುಲಭ. ಗಡಸುನೀರಿನ ಊರುಗಳಲ್ಲಿ ನೆಲೆಸಿದವರು ಸಾಬೂನನ್ನು ತುಸು ಹೆಚ್ಚು ಬಳಸಬೇಕು. ಒಂದಂಶವನ್ನು ಆ ನೀರಿನ ಕ್ಯಾಲ್ಸಿಯಂ ನುಂಗುತ್ತದೆ. ಮಳೆಗಾಲದಲ್ಲಿ ಬ್ರಷ್ಷನ್ನು ಮುಚ್ಚಿಡಬೇಡಿ, ಬೂಷ್ಟು ಹಿಡಿದೀತು.

ಒಂದು ಬಿಲ್ಲೆ ತಿಂಗಳುಗಟ್ಟಲೆ ಬಾಳಿ, ಸದ್ದಿಲ್ಲದೆ ಕರಗಿಹೋಗುತ್ತದೆ. ಡಬ್ಬಿಯೋ, ನಾವು ಎಸೆದ ಮೇಲೂ ಇನ್ಯಾರದೋ ಕೈಗೆ ಕೆಲಸವಾಗಿ ಉಳಿಯುತ್ತದೆ. ನಮ್ಮ ಒಂದೂವರೆ ನಿಮಿಷ ಅಷ್ಟು ದುಬಾರಿಯೇ?